ಕ್ವಿಲ್ಟಿಗೆ ತಾತ್ಕಾಲಿಕ ಅಂಟಿನ ಸ್ಪ್ರೇ

ಕ್ವಿಲ್ಟಿನ ಮೂರು ಪದರಗಳನ್ನು ಹೊಲಿಗೆ ಮುಗಿಯುವವರೆಗೆ ಮಾತ್ರ ಹಿಡಿದಿಟ್ಟು, ಆಮೇಲೆ ಒಗೆತದಲ್ಲಿ ಬಿಟ್ಟುಹೋಗುವ ಅಂಟನ್ನು ಒತ್ತಡದ ಡಬ್ಬಿಯಲ್ಲಿ ತುಂಬಿ ಮಾರುತ್ತಾರೆ. ಫ್ರಾನ್ಸಿನ ಓಡಿಫ್ ಕಂಪನಿಯ 505, ಅಮೆರಿಕದ ಸಲ್ಕಿಯ ಕೆಕೆ 2000, ಜೂನ್ ಟೇಲರ್ ಇವೆಲ್ಲ ಹವ್ಯಾಸಿ ಕ್ವಿಲ್ಟರುಗಳಿಗೆ ಪರಿಚಿತ ಹೆಸರುಗಳು. ಯಂತ್ರಕಸೂತಿಯಲ್ಲಿ ಬಟ್ಟೆಯನ್ನು ಅದರಡಿಯ ಸ್ಟೆಬಿಲೈಸರಿಗೆ ಅಂಟಿಸುವುದಕ್ಕೂ, ಆಪ್ಲಿಕ್ ಕೆಲಸದಲ್ಲಿ ತುಂಡುಬಟ್ಟೆ ಅಲುಗದಂತೆ ಕೂರಿಸುವುದಕ್ಕೂ ಇದೇ ಡಬ್ಬಿ ಆದೀತು.

ಅಂಟು ಏಕೆ ಬೇಕಾಯಿತೆಂಬುದು ಹೊಲಿಗೆ ಯಂತ್ರದ ಮುಂದೆ ಕೂತರೆ ತಿಳಿಯುತ್ತದೆ. ಕ್ವಿಲ್ಟಿನ ಮೇಲ್ಪದರ ತುಂಡುಬಟ್ಟೆಗಳ ಜೋಡಣೆ, ನಡುವೆ ಬ್ಯಾಟಿಂಗ್ ಎಂಬ ಹತ್ತಿ, ಉಣ್ಣೆ ಅಥವಾ ಪಾಲಿಯೆಸ್ಟರಿನ ಮೆತ್ತೆ, ಅಡಿಯಲ್ಲಿ ಅಸ್ತರು. ಯಂತ್ರದ ಹಲ್ಲುಗಳು ಎಳೆಯುವುದು ಅಸ್ತರನ್ನು. ಮೇಲಿನ ಬಟ್ಟೆಯನ್ನು ಪ್ರೆಸರ್ ಫೂಟ್ ಒತ್ತಿಹಿಡಿದಿರುವುದರಿಂದ ಅದು ತುಸು ಹಿಂದೆ ಬೀಳುತ್ತದೆ. ಒಂದು ಸಾಲಿನಲ್ಲಿ ಕಣ್ಣಿಗೆ ಕಾಣದಷ್ಟು ಜಾರಿದ್ದು ಹತ್ತು ಸಾಲು ದಾಟುವಾಗ ನೆರಿಗೆಯಾಗಿ ನಿಲ್ಲುತ್ತದೆ. ಅಸ್ತರಿನ ಕಡೆ ನೆರಿಗೆ ಬಿದ್ದರಂತೂ ಕ್ವಿಲ್ಟನ್ನು ಮಗುಚುವವರೆಗೆ ಗೊತ್ತಾಗುವುದೇ ಇಲ್ಲ. ಬಿಚ್ಚಿ ಮತ್ತೆ ಹೊಲಿಯುವುದೊಂದೇ ದಾರಿ.

ಪದರಗಳನ್ನು ಮೊದಲೇ ಬಂಧಿಸಿಕೊಳ್ಳುವ ಈ ಕೆಲಸಕ್ಕೆ ಬೇಸ್ಟಿಂಗ್ ಎನ್ನುತ್ತಾರೆ. ಉದ್ದುದ್ದ ಕಚ್ಚಾ ಹೊಲಿಗೆ ಹಾಕುವುದು ಹಳೆಯ ಕ್ರಮ. ಕೈಹೊಲಿಗೆಯವರಿಗೆ ಅದು ಇಂದಿಗೂ ಒಪ್ಪಿಗೆ. ಯಂತ್ರದಲ್ಲಿ ಹೊಲಿಯುವವರಿಗೆ ಮಾತ್ರ ಆ ದಾರವೇ ಫೂಟಿಗೆ ಸಿಕ್ಕಿ ತೊಡಕು. ಸೇಫ್ಟಿ ಪಿನ್ ಚುಚ್ಚುವ ರೂಢಿಯೂ ಇದೆ. ಆದರೆ 90 ಇಂಚು ಅಗಲ, 100 ಇಂಚು ಉದ್ದದ ಹಾಸಿಗೆಯ ಕ್ವಿಲ್ಟಿಗೆ ನಾಲ್ಕಿಂಚಿಗೊಂದರಂತೆ ಲೆಕ್ಕ ಹಾಕಿದರೆ 550ಕ್ಕೂ ಹೆಚ್ಚು ಪಿನ್ ಬೇಕು. ಅಷ್ಟನ್ನೂ ನೆಲದ ಮೇಲೆ ಮಂಡಿಯೂರಿ ಚುಚ್ಚಬೇಕು, ಹೊಲಿಯುತ್ತ ಹೊಲಿಯುತ್ತ ಒಂದೊಂದಾಗಿ ತೆಗೆಯಬೇಕು. 1989ರಲ್ಲಿ ಅಮೆರಿಕದ ಕೆಂಟಕಿಯ ಪಡೂಕಾದ ಕ್ವಿಲ್ಟ್ ಸ್ಪರ್ಧೆಯಲ್ಲಿ ಕ್ಯಾರಿಲ್ ಬ್ರೈಯರ್ ಫಾಲರ್ಟ್ ಅವರ ಯಂತ್ರದಲ್ಲಿ ಹೊಲಿದ ಕ್ವಿಲ್ಟಿಗೆ ಮೊದಲ ಬಾರಿ ಅತ್ಯುನ್ನತ ಬಹುಮಾನ ಬಂತು. ಯಂತ್ರದ ಕೆಲಸವನ್ನು ಕೀಳಾಗಿ ಕಾಣುವುದು ಕ್ರಮೇಣ ಕಡಿಮೆಯಾಯಿತು. ಫೂಟಿನ ದಾರಿಗೆ ಏನೂ ಅಡ್ಡ ಬಾರದ ಬೇಸ್ಟಿಂಗ್ ಬೇಕೆನಿಸಿದ್ದು ಇಂಥ ಯಂತ್ರದ ಹೊಲಿಗೆಯವರಿಗೇ.

ಡಬ್ಬಿಯೊಳಗೆ ಮೂರು ಬಗೆಯ ವಸ್ತುಗಳಿರುತ್ತವೆ: ಅಂಟಿನ ಪಾಲಿಮರ್, ಅದನ್ನು ಕರಗಿಸಿಟ್ಟ ದ್ರಾವಕ, ಹೊರದಬ್ಬುವ ಅನಿಲ. ದ್ರಾವಕ ಕ್ಷಣಾರ್ಧದಲ್ಲಿ ಆವಿಯಾಗಿ, ಬಟ್ಟೆಯ ಮೇಲೆ ಅಂಟಿನ ಸಣ್ಣ ಚುಕ್ಕೆಗಳಷ್ಟೇ ಉಳಿಯುತ್ತವೆ. ಮರಗೆಲಸದ ಅಂಟಿನ ಹಾಗೆ ಇದು ಗಟ್ಟಿಯಾಗುವುದಿಲ್ಲ. ಕೋಣೆಯ ಉಷ್ಣತೆಯಲ್ಲಿ ಮೆತ್ತಗೇ ಇದ್ದು, ಒತ್ತಿದರೆ ಹಿಡಿಯುತ್ತದೆ, ಎಳೆದರೆ ಬಿಡುತ್ತದೆ. ಬಟ್ಟೆ ಸೊಟ್ಟ ಕೂತರೆ ಎತ್ತಿ ಮತ್ತೆ ಹಾಸಬಹುದು. ಪಿನ್ನಿಗೂ ದಾರಕ್ಕೂ ಇಲ್ಲದ ಈ ಸೌಕರ್ಯವೇ ಸ್ಪ್ರೇಯ ದೊಡ್ಡ ಗುಣ.

ಬಳಸುವ ಕ್ರಮ ಸರಳ, ಅವಸರ ಮಾತ್ರ ಸಲ್ಲದು. ಇಸ್ತ್ರಿ ಮಾಡಿದ ಅಸ್ತರನ್ನು ಒಳಮೈ ಮೇಲಾಗುವಂತೆ ನೆಲಕ್ಕೋ ದೊಡ್ಡ ಮೇಜಿಗೋ ಹಾಸಿ, ಅಂಚುಗಳನ್ನು ಮಾಸ್ಕಿಂಗ್ ಟೇಪಿನಿಂದ ಬಿಗಿಯುತ್ತಾರೆ. ಬಟ್ಟೆ ಸುಕ್ಕಿಲ್ಲದಂತೆ ಇದ್ದರೆ ಸಾಕು, ಹಿಗ್ಗಿಸಿ ಎಳೆಯಬಾರದು. ಹಿಗ್ಗಿದ ಬಟ್ಟೆ ಟೇಪು ಕಿತ್ತ ಕೂಡಲೇ ಕುಗ್ಗಿ ನೆರಿಗೆ ಕಟ್ಟುತ್ತದೆ. ಸುತ್ತ ಹಳೆಯ ಬೆಡ್‌ಶೀಟೋ ಪತ್ರಿಕೆಯೋ ಹರಡಿರಬೇಕು. ಇಲ್ಲವಾದರೆ ಗುರಿತಪ್ಪಿದ ತುಂತುರು ನೆಲದ ಮೇಲೆ ಕೂತು ನಡೆದಾಡಿದವರ ಅಂಗಾಲಿಗೆಲ್ಲ ಜಿಗುಟು. ಬ್ಯಾಟಿಂಗನ್ನು ಅಸ್ತರಿನ ಮೇಲೆ ಹರಡಿ, ಅರ್ಧವನ್ನು ಹಿಂದಕ್ಕೆ ಮಡಚಿ, ಸುಮಾರು 25ರಿಂದ 30 ಸೆಂಟಿಮೀಟರ್ ದೂರದಿಂದ ಅದರ ಮೇಲೆ ತೆಳ್ಳಗೆ ಸಿಂಪಡಿಸುತ್ತಾರೆ. ಆಮೇಲೆ ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಸವರುತ್ತ ಕೂರಿಸಬೇಕು. ಉಳಿದರ್ಧಕ್ಕೂ, ಬಳಿಕ ಮೇಲ್ಪದರಕ್ಕೂ ಇದೇ ವಿಧಾನ. ಸಿಂಪಡಿಸುವುದು ಬಟ್ಟೆಗಲ್ಲ, ಬ್ಯಾಟಿಂಗಿಗೆ ಎಂಬುದು ಅನುಭವಿಗಳಲ್ಲಿ ಹೆಚ್ಚಿನವರ ಪಾಠ. ಕಲೆ ಬಿದ್ದರೂ ಮೆತ್ತೆಯೊಳಗೇ ಉಳಿಯುತ್ತದೆ.

ಹೆಚ್ಚು ಹೊಡೆದರೆ ಗಟ್ಟಿಯಾಗಿ ಹಿಡಿದೀತೆಂಬ ಲೆಕ್ಕ ಇಲ್ಲಿ ತಲೆಕೆಳಗು. ಹೆಚ್ಚಾದ ಅಂಟು ಸೂಜಿಗೆ ಮೆತ್ತಿಕೊಂಡು ಹೊಲಿಗೆ ತಪ್ಪುತ್ತದೆ, ದಾರ ಕಿತ್ತುಹೋಗುತ್ತದೆ. ಸ್ಪಿರಿಟಿನಲ್ಲಿ ಅದ್ದಿದ ಬಟ್ಟೆಯಿಂದ ಸೂಜಿ ಒರೆಸಿಕೊಳ್ಳುವುದೋ, ಬದಲಾಯಿಸುವುದೋ ಮಾಡಬೇಕಾಗುತ್ತದೆ.

ಎಲ್ಲ ಕ್ವಿಲ್ಟಿಗೂ ಇದು ಹೊಂದುವುದಿಲ್ಲ. ಹತ್ತಿಯ ತೆಳು ಬ್ಯಾಟಿಂಗಿನಲ್ಲಿ ಹಿಡಿತ ಚೆನ್ನಾಗಿದ್ದರೆ, ಉಬ್ಬಿದ ಪಾಲಿಯೆಸ್ಟರಿನಲ್ಲಿ ಅಂಟು ಮೇಲ್ಮೇಲಿನ ಎಳೆಗಳಿಗಷ್ಟೇ ತಾಗಿ ಬೇಗ ಬಿಟ್ಟುಕೊಳ್ಳುತ್ತದೆ. ಕೈಹೊಲಿಗೆಯವರಿಗೆ ಸೂಜಿ ಸಲೀಸಾಗಿ ಜಾರದಿದ್ದರೆ ಕೆಲಸವೇ ಸಾಗದು. ಲಾಂಗ್‌ಆರ್ಮ್ ಯಂತ್ರದಲ್ಲಿ ಪದರಗಳು ರೋಲರುಗಳ ನಡುವೆ ಬಿಗಿಯಾಗಿ ಕೂರುವುದರಿಂದ ಬೇಸ್ಟಿಂಗಿನ ಅಗತ್ಯವೇ ಬರುವುದಿಲ್ಲ. ಒಗೆಯಲಾಗದ ಗೋಡೆಯ ಕ್ವಿಲ್ಟಿನಲ್ಲಿ, ಅಜ್ಜಿಯ ಕಾಲದ ಹಳೆಯ ಬಟ್ಟೆಯಲ್ಲಿ ಸ್ಪ್ರೇ ಬಳಸದಿರುವುದೇ ವಾಸಿ. ಅಲ್ಲಿ ಹೋಗದೆ ಉಳಿದ ಅಂಟು ಎಷ್ಟು ವರ್ಷದ ಮೇಲೆ ಏನು ಮಾಡೀತೆಂದು ಯಾವ ಡಬ್ಬಿಯೂ ಭರವಸೆ ಕೊಡದು.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕವಂದಿ ಎಂಬ ಕ್ವಿಲ್ಟು, ಪದರಗಳು ಜಾರುವ ತೊಡಕನ್ನೇ ಬೇರೆ ಬಗೆಯಲ್ಲಿ ದಾಟುತ್ತದೆ. ಹಳೆ ಸೀರೆಯ ಹಾಸಿನ ಮೇಲೆ ತುಂಡುಗಳನ್ನು ಒಂದೊಂದಾಗಿ ಇಡುತ್ತ, ಅಂಚಿನಿಂದ ನಡುವಿನ ಕಡೆಗೆ ಸುತ್ತಿ ಬರುವ ಹೊಲಿಗೆ ಅದು. ಜೋಡಣೆ, ಬಂಧನ ಎರಡೂ ಒಂದೇ ದಾರದಲ್ಲಿ ನಡೆದುಹೋಗುವುದರಿಂದ ಮುಂಗಡವಾಗಿ ಅಂಟಿಸುವ ಮಾತೇ ಬರುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಕಲಾವಿದೆ ಮಾರ್ಗರೆಟ್ ಫ್ಯಾಬ್ರಿಝಿಯೊ ಈ ಪದ್ಧತಿಯನ್ನು ಕಲಿತು ಹೇಳಿಕೊಟ್ಟ ಮೇಲೆ ಅಮೆರಿಕದ ಕ್ವಿಲ್ಟರುಗಳಲ್ಲೂ ಕವಂದಿ ಹೊಲಿಯುವವರಿದ್ದಾರೆ.

ಸ್ಪ್ರೇ ಬಳಸುವವರಿಗೆ ಎಚ್ಚರ ಬೇಕಾದದ್ದು ಡಬ್ಬಿಯ ಅನಿಲದ ವಿಷಯದಲ್ಲಿ. ಓಝೋನ್ ಪದರಕ್ಕೆ ಕುತ್ತೆಂದು ಅಮೆರಿಕ 1978ರಲ್ಲಿ ಬಹುತೇಕ ಸ್ಪ್ರೇ ಡಬ್ಬಿಗಳಲ್ಲಿ ಸಿಎಫ್‌ಸಿ ಅನಿಲಗಳನ್ನು ನಿಷೇಧಿಸಿತು. ಆ ಜಾಗಕ್ಕೆ ಬಂದವುಗಳಲ್ಲಿ ಪ್ರೋಪೇನ್, ಬ್ಯುಟೇನ್ ಮುಖ್ಯ. ಅಡುಗೆಯ ಸಿಲಿಂಡರಿನಲ್ಲಿರುವುದೂ ಇವೇ. ಸಿಎಫ್‌ಸಿಗೆ ಬೆಂಕಿ ಹತ್ತುತ್ತಿರಲಿಲ್ಲ, ಇವಕ್ಕೆ ಹತ್ತುತ್ತದೆ. ಮೇಲಾಗಿ ಗಾಳಿಗಿಂತ ಭಾರವಾದ್ದರಿಂದ ನೆಲಮಟ್ಟದಲ್ಲೇ ನಿಲ್ಲುತ್ತವೆ, ಕ್ವಿಲ್ಟು ಹಾಸಿ ಮನುಷ್ಯರು ಬಗ್ಗಿ ಉಸಿರಾಡುವ ಮಟ್ಟದಲ್ಲಿ. ಕಿಟಕಿ ತೆರೆದಿರಬೇಕು, ದೀಪ, ಒಲೆ ಆರಿರಬೇಕು. ಉಬ್ಬಸದವರು ಮಾಸ್ಕ್ ಹಾಕಿಕೊಂಡರೂ ಸಾಲದು, ದೂರವಿರುವುದೇ ಲೇಸು. 50 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗುವಲ್ಲಿ, ಅಂದರೆ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ, ಡಬ್ಬಿ ಇಡಬಾರದು.

ಉರಿಯುವ ಅನಿಲವಿರುವ ಇಂಥ ಡಬ್ಬಿಯನ್ನು ವಿಮಾನದ ಕೈಚೀಲದಲ್ಲೂ, ಚೆಕ್‌ಇನ್ ಸಾಮಾನಿನಲ್ಲೂ ಒಯ್ಯುವಂತಿಲ್ಲ. ರೋಟರಿ ಕಟರು, ಅಳತೆಪಟ್ಟಿ, ಹತ್ತಿಬಟ್ಟೆಗಳನ್ನು ವಿದೇಶದ ನೆಂಟರ ಸೂಟ್‌ಕೇಸಿನಲ್ಲಿ ತರಿಸಿಕೊಳ್ಳಬಹುದು, ಸ್ಪ್ರೇಯೊಂದನ್ನು ಆಗದು. ಅದು ಸಿಗದ ಕಡೆ ಮಕ್ಕಳು ಶಾಲೆಯಲ್ಲಿ ಬಳಸುವ, ನೀರಿಗೆ ಕರಗುವ ಬಿಳಿ ಗೋಂದನ್ನು ಸಣ್ಣ ಗೆರೆಗಳಾಗಿ ಎಳೆದು, ಇಸ್ತ್ರಿಯಿಂದ ಒಣಗಿಸಿ ಕೆಲಸ ಸಾಗಿಸುವವರಿದ್ದಾರೆ. ಎತ್ತಿ ಹಾಸುವ ಸೌಕರ್ಯ ಇದರಲ್ಲಿಲ್ಲ. ಒಂದು ಒಗೆತಕ್ಕೆ ಗೋಂದು ಹೋಗಿಬಿಡುತ್ತದೆ.