ಹತ್ತೊಂಬತ್ತನೆಯ ಸ್ಥಾನ

ಮೈಸೂರಿನಿಂದ ಮಂಡ್ಯಕ್ಕೆ ಸುಮಾರು 45 ಕಿಲೋಮೀಟರುಗಳ ದಾರಿ. ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗಿಬರುವವರು ನಿಮ್ಮಲ್ಲಿ ಅನೇಕರಿರಬಹುದು. ಕಾವೇರಿಯ ಎರಡು ಕವಲುಗಳನ್ನು ದಾಟಿ, ಶ್ರೀರಂಗಪಟ್ಟಣದ ಕೋಟೆಯನ್ನು ಹಿಂದೆ ಬಿಟ್ಟು, ಮಂಡ್ಯ ಇನ್ನೇನು ಬಂದಿತೆನ್ನುವ ಹೊತ್ತಿಗೆ ನೀವು ಕ್ರಮಿಸಿರುವಷ್ಟು ದೂರವೇ ಮ್ಯಾರಥಾನ್ ಓಟದ ದೂರ: 42.195 ಕಿಲೋಮೀಟರು. ಅಷ್ಟನ್ನೂ ನಡುವೆ ಎಲ್ಲಿಯೂ ನಿಲ್ಲದೆ ಓಡಿ ಮುಗಿಸುವವರಿದ್ದಾರೆ. ಕಾಲಿನ ನೆರವಿಲ್ಲದೆ, ಗಾಲಿಕುರ್ಚಿಯಲ್ಲಿ ಕುಳಿತು, ತೋಳ್ಬಲವೊಂದರಿಂದಲೇ ಮುಗಿಸುವವರೂ ಇದ್ದಾರೆ. ಈ ಓಟದ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಗೆದ್ದವರ ಹೆಸರುಗಳನ್ನು ಪೋಣಿಸಿ ಸುಮ್ಮನಾಗುತ್ತಾರೆ. ನಾವು ಇಂದು ಬೇರೊಂದು ಪ್ರಶ್ನೆಯನ್ನು ಕೇಳಿಕೊಳ್ಳೋಣ: ಈ ದಾರಿಯ ಮೇಲೆ ಓಡುವ ಹಕ್ಕು ಯಾರಿಗೆ, ಯಾವಾಗ, ಹೇಗೆ ದೊರೆಯಿತು?

ಕಥೆಯ ಬೇರು ಗ್ರೀಸ್ ದೇಶದಲ್ಲಿದೆ. ಕ್ರಿ.ಪೂ. 490ರಲ್ಲಿ ಪಾರಸಿಕರ ದಂಡು ಮ್ಯಾರಥಾನ್ ಬಯಲಿಗೆ ಬಂದಿಳಿದಾಗ, ನೆರವು ಕೇಳುವುದಕ್ಕಾಗಿ ಅಥೆನ್ಸಿನವರು ಫಿಡಿಪಿಡೀಸನೆಂಬ ಓಲೆಕಾರನನ್ನು ಸ್ಪಾರ್ಟಾಕ್ಕೆ ಓಡಿಸಿದರೆಂದು ಹೆರೊಡೋಟಸ್ ಬರೆದಿದ್ದಾನೆ. ಗೆಲುವಿನ ವಾರ್ತೆಯನ್ನು ಅಥೆನ್ಸಿಗೆ ಮುಟ್ಟಿಸಿ ಓಟಗಾರನು ಪ್ರಾಣ ಬಿಟ್ಟನೆಂಬ ಭಾಗ ಆತನ ಗ್ರಂಥದಲ್ಲಿಲ್ಲ. ಅದು ಕೆಲವು ಶತಮಾನಗಳ ಮೇಲೆ ಬಂದವರ ಬರಹದಲ್ಲಿ ಕಾಣುತ್ತದೆ. ಆದರೇನು, ಕಥೆ ಜನರ ಮನಸ್ಸನ್ನು ಹಿಡಿಯಿತು. 1896ರಲ್ಲಿ ಅಥೆನ್ಸಿನಲ್ಲಿ ಒಲಿಂಪಿಕ್ ಕ್ರೀಡೆಗಳು ಹೊಸದಾಗಿ ಆರಂಭವಾದಾಗ ಸುಮಾರು 40 ಕಿಲೋಮೀಟರುಗಳ ಓಟವನ್ನು ಏರ್ಪಡಿಸಿದರು. ಗೆದ್ದವನು ನೀರು ಸಾಗಿಸಿ ಬದುಕುತ್ತಿದ್ದ ಸ್ಪಿರಿಡಾನ್ ಲೂಯಿಸ್. 1908ರ ಲಂಡನ್ ಕೂಟದಲ್ಲಿ ವಿಂಡ್ಸರ್ ಅರಮನೆಯ ಬಳಿ ಹೊರಟು ಕ್ರೀಡಾಂಗಣದ ರಾಜಪೀಠದ ಎದುರಿಗೆ ಮುಗಿಯುವಂತೆ ದಾರಿಯನ್ನು ಅಳೆದದ್ದರಿಂದ ಈಗಿನ ಅಳತೆ ಬಂದಿತು. 1921ರಲ್ಲಿ ಅದೇ ಸ್ಥಿರವಾಯಿತು.

ಓಟಕ್ಕೂ ಓಲೆಗೂ ಇರುವ ನಂಟು ಗ್ರೀಸಿನ ಸೊತ್ತೇನೂ ಅಲ್ಲ. ನಮ್ಮ ಮೈಸೂರಿನಲ್ಲಿ ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಚಿಕ್ಕದೇವರಾಜ ಒಡೆಯರು ಅಂಚೆಯ ಏರ್ಪಾಟನ್ನು ನೆಲೆಗೊಳಿಸಿದರು. 1889ರಲ್ಲಿ ಇಂಡಿಯಾ ಸರ್ಕಾರದ ಅಂಚೆಯೊಡನೆ ಸೇರಿಹೋಗುವ ತನಕ ಮೈಸೂರಿನ ಅಂಚೆ ಪ್ರತ್ಯೇಕವಾಗಿಯೇ ನಡೆಯಿತು. ಹಳಗನ್ನಡದಲ್ಲಿ ಅಂಚೆಯೆಂದರೆ ಹಂಸ. ನಳನ ಸುದ್ದಿಯನ್ನು ದಮಯಂತಿಗೆ ಒಯ್ದದ್ದೂ ಹಂಸವೇ. ಈ ಎರಡು ಮಾತುಗಳು ಒಂದೇ ರೂಪದಲ್ಲಿ ಸಂಧಿಸಿರುವುದು ಸೊಗಸಲ್ಲವೆ? ಆದರೆ ಚೀಲ ಹೊತ್ತು ಬಿಸಿಲುಮಳೆಗಳಲ್ಲಿ ಓಡಿದ ಅಂಚೆಯಾಳು ಹಂಸವಲ್ಲ, ಹೊಟ್ಟೆಪಾಡಿನ ಮನುಷ್ಯ. ಅವನ ಓಟಕ್ಕೆ ಪದಕವಿರಲಿಲ್ಲ, ನೋಡಿ ಚಪ್ಪಾಳೆ ತಟ್ಟುವವರಿರಲಿಲ್ಲ. ಅವನ ಹೆಸರೂ ಉಳಿಯಲಿಲ್ಲ. ಅಂಥ ಬರಿಗಾಲಿನ ಓಟವನ್ನು ಕ್ರೀಡೆಯೆಂದು ಲೋಕ ಎಣಿಸಲು ಬಹುಕಾಲ ಬೇಕಾಯಿತು.

ಎಣಿಸಿದ ದಿನವೂ ಬಂದಿತು. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಪುಣೆಯ ಡೆಕ್ಕನ್ ಜಿಮಖಾನಾದ ಪಂದ್ಯಗಳಲ್ಲಿ, ನಿಯಮಗಳನ್ನೇ ಅರಿಯದ ರೈತಾಪಿ ಯುವಕರು ಬರಿಗಾಲಿನಲ್ಲಿ ಓಡಿದ ಪರಿಯನ್ನು ಕಂಡು ದೊರಾಬ್ಜಿ ಟಾಟಾ ಅವರು ಬೆರಗಾದರು. ಅವರ ಉತ್ಸಾಹದಿಂದ 1920ರಲ್ಲಿ ಬೆಲ್ಜಿಯಮ್ಮಿನ ಆಂಟ್ವರ್ಪ್ ಒಲಿಂಪಿಕ್ಸಿಗೆ ತಂಡವೊಂದು ಹೊರಟಿತು; ಭಾರತದ ತಂಡ ಹೋದದ್ದು ಅದೇ ಮೊದಲು. ನಾಲ್ವರು ಓಟಗಾರರು, ಇಬ್ಬರು ಕುಸ್ತಿಪಟುಗಳು. ಆ ನಾಲ್ವರಲ್ಲಿ ಒಬ್ಬರು ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ.

1920ರ ಆಗಸ್ಟ್ 22ರಂದು ಮ್ಯಾರಥಾನ್ ನಡೆಯಿತು. ಆ ವರ್ಷ ದಾರಿ ಇನ್ನೂ ಉದ್ದ, 42.75 ಕಿಲೋಮೀಟರು, ಒಲಿಂಪಿಕ್ ಚರಿತ್ರೆಯಲ್ಲಿ ಅದಕ್ಕಿಂತ ದೀರ್ಘವಾದ ಮ್ಯಾರಥಾನ್ ಇಲ್ಲ. ಫಿನ್ಲೆಂಡಿನ ಹಾನೆಸ್ ಕೊಲೆಮೈನೆನ್ 2 ಗಂಟೆ 32 ನಿಮಿಷಗಳಲ್ಲಿ ಮುಗಿಸಿ ಗೆದ್ದರು. ಚೌಗುಲೆಯವರು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಬಂದು ಮುಟ್ಟಿದರು: ಹತ್ತೊಂಬತ್ತನೆಯ ಸ್ಥಾನ. ಹತ್ತೊಂಬತ್ತನೆಯದೆಂದು ಅಲಕ್ಷ್ಯ ಮಾಡಬೇಡಿ. ಕಡಲ ದಾರಿಯಲ್ಲಿ ದಿನಗಟ್ಟಲೆ ಪಯಣಿಸಿ, ಕಾಣದ ಊರಿನಲ್ಲಿ, ಅತಿ ಉದ್ದದ ದಾರಿಯನ್ನು ಕೊನೆಯವರೆಗೆ ಓಡಿ ಮುಟ್ಟಿದುದು ಸಣ್ಣ ಮಾತೆ? ಗೆದ್ದವನು ಬಂದೊಡನೆಯೇ ಗಡಿಯಾರವನ್ನು ನಿಲ್ಲಿಸಿದ್ದರೆ ಬೆಳಗಾವಿಯ ಈ ಹೆಸರು ನಮಗೆ ಸಿಗುತ್ತಲೇ ಇರಲಿಲ್ಲ. ಹದಿನೆಂಟು ನಿಮಿಷಗಳ ಮೇಲೆ ಬಂದವರನ್ನೂ ಎಣಿಸಿ ಬರೆದಿಟ್ಟರು. ಅದರಿಂದಲೇ ಅವರು ಚರಿತ್ರೆಯಲ್ಲಿ ಉಳಿದರು.

ಎಣಿಸುವುದೆಂಬುದು ಅಷ್ಟು ದೊಡ್ಡ ವಿಷಯ. ಹೆಂಗಸರನ್ನು ಬಹುಕಾಲ ಎಣಿಸಲೇ ಇಲ್ಲ. ಅಮೆರಿಕದ ಬಾಸ್ಟನ್ ನಗರದ ಮ್ಯಾರಥಾನ್ 1897ರಲ್ಲಿ ಆರಂಭವಾದರೂ ಅವರಿಗೆ ಅಧಿಕೃತ ಪ್ರವೇಶ ದೊರೆತದ್ದು 1972ರಲ್ಲಿ, ಒಲಿಂಪಿಕ್ಸಿನಲ್ಲಾದರೋ 1984ರಲ್ಲಿ. ಅದೇ ಬಾಸ್ಟನ್ನಿನಲ್ಲಿ 1975ರಲ್ಲಿ, ಎಳವೆಯಲ್ಲೇ ಪೋಲಿಯೋ ಬಡಿದಿದ್ದ ಬಾಬ್ ಹಾಲ್ ಎಂಬ ತರುಣ, ಗಾಲಿಕುರ್ಚಿಯಲ್ಲಿ ಸ್ಪರ್ಧಿಸಲು ಅನುಮತಿ ಕೇಳಿದ. ಮೂರು ಗಂಟೆಯೊಳಗೆ ಮುಗಿಸಿದರೆ ಎಲ್ಲರಿಗೂ ಕೊಡುವ ಪ್ರಮಾಣಪತ್ರವನ್ನು ನಿನಗೂ ಕೊಡುತ್ತೇವೆಂದರು. ಆತ 2 ಗಂಟೆ 58 ನಿಮಿಷದಲ್ಲಿ ಮುಗಿಸಿದ! 1981ರಲ್ಲಿ ಜಪಾನಿನ ಓಯಿಟಾ ನಗರದಲ್ಲಿ ಗಾಲಿಕುರ್ಚಿಯವರಿಗಾಗಿಯೇ ಪ್ರತ್ಯೇಕ ಸ್ಪರ್ಧೆ ಮೊದಲಾಯಿತು. 1984ರ ಪ್ಯಾರಾಲಿಂಪಿಕ್ಸಿಗೂ ಈ ಓಟ ಸೇರಿತು.

ಓಟದ ಗಾಲಿಕುರ್ಚಿ ಆಸ್ಪತ್ರೆಯಲ್ಲಿ ಕಾಣುವಂಥದಲ್ಲ. ಹಿಂದೆ ಎರಡು ದೊಡ್ಡ ಗಾಲಿ, ಮುಂದಕ್ಕೆ ಚಾಚಿದ ತುದಿಯಲ್ಲಿ ಒಂದು ಸಣ್ಣ ಗಾಲಿ. ಸ್ಪರ್ಧಿ ಬಾಗಿ ಕುಳಿತು, ದೊಡ್ಡ ಗಾಲಿಗಳ ಪಕ್ಕದ ಬಳೆಗಳನ್ನು ಗಟ್ಟಿ ಕೈಗವಸಿನ ಕೈಗಳಿಂದ ಹೊಡೆದು ತಿರುಗಿಸುತ್ತಾನೆ. ಇಳಿಜಾರಿನಲ್ಲಿ ವೇಗ ಹೆಚ್ಚು; ಕಾಲೋಟಗಾರರಿಗೆ ಡಿಕ್ಕಿಯಾಗದಿರಲೆಂದು ಇವರನ್ನು ಮೊದಲೇ ಹೊರಡಿಸುತ್ತಾರೆ. ಏರಿನಲ್ಲಿ ಮಾತ್ರ ದೇಹದ ಭಾರವನ್ನೆಲ್ಲ ತೋಳುಗಳೇ ಹೊರಬೇಕು. 2023ರಲ್ಲಿ ಷಿಕಾಗೋದಲ್ಲಿ ಕೀನ್ಯಾದ ಕೆಲ್ವಿನ್ ಕಿಪ್ಟಮ್ ಓಡಿ ಮುಗಿಸಿದ್ದು 2 ಗಂಟೆ 35 ಸೆಕೆಂಡುಗಳಲ್ಲಿ. 2024ರ ಬಾಸ್ಟನ್ನಿನಲ್ಲಿ ಸ್ವಿಟ್ಜರ್ಲೆಂಡಿನ ಮಾರ್ಸೆಲ್ ಹುಗ್ ಗಾಲಿಕುರ್ಚಿಯಲ್ಲಿ ತಲುಪಿದ್ದು 1 ಗಂಟೆ 15 ನಿಮಿಷ 33 ಸೆಕೆಂಡುಗಳಲ್ಲಿ. ದಾರಿಯೊಂದು ತಮಗೆ ತೆರೆದರೆ ಏನಾಗಬಲ್ಲದೆಂಬುದನ್ನು ಈ ತೋಳುಗಳು ತೋರಿಸಿವೆ.

ನಮ್ಮ ನಾಡಿನಲ್ಲಿಯೂ ಇದಕ್ಕೆ ಸಾಕ್ಷಿಯುಂಟು. ಬೆಂಗಳೂರಿನ ಮಾಲತಿ ಹೊಳ್ಳ ಅವರಿಗೆ ಒಂದು ವರ್ಷದ ಕೂಸಾಗಿರುವಾಗಲೇ ಜ್ವರ ಬಂದು ಮೈ ಸ್ವಾಧೀನ ತಪ್ಪಿತು. ಬೆಳೆದು ಗಾಲಿಕುರ್ಚಿಯ ಸ್ಪರ್ಧಿಯಾದ ಅವರು, 1989ರಲ್ಲಿ ಡೆನ್ಮಾರ್ಕಿನಲ್ಲಿ ನಡೆದ ವಿಶ್ವ ಮಾಸ್ಟರ್ಸ್ ಕ್ರೀಡೆಗಳಲ್ಲಿ 200 ಮೀಟರ್ ಸ್ಪರ್ಧೆಯೂ ಸೇರಿ ಚಿನ್ನದ ಪದಕಗಳನ್ನು ತಂದರು. ಅರ್ಜುನ ಪ್ರಶಸ್ತಿಯೂ ಪದ್ಮಶ್ರೀಯೂ ಅವರಿಗೆ ಸಂದಿವೆ. ಬೆಂಗಳೂರಿನಲ್ಲಿ 2008ರಲ್ಲಿ ಮೊದಲಾದ 10 ಕಿಲೋಮೀಟರುಗಳ ಓಟದಲ್ಲಿ ಜಗತ್ತಿನ ಅಗ್ರಗಣ್ಯ ಓಟಗಾರರ ಜೊತೆಗೆ ಸಾಮಾನ್ಯ ನಾಗರಿಕರೂ ವಿಕಲಚೇತನರೂ ಅದೇ ನಗರದ ಬೀದಿಗಳಿಗೆ ಇಳಿದರು. ಕ್ರೀಡೆಗಳಲ್ಲಿ ವಿಕಲಚೇತನರಿಗೆ ಅವಕಾಶ ಮಾಡಿಕೊಡುವುದು ಸರ್ಕಾರದ ಹೊಣೆಯೆಂದು 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 30ನೆಯ ಕಲಮು ವಿಧಿಸುತ್ತದೆ.

ಆದರೆ ಓದುಗರೇ, ಕಾಯಿದೆ ಬಾಗಿಲನ್ನು ತೆರೆದೀತು. ಬಾಗಿಲವರೆಗಿನ ಮೆಟ್ಟಿಲುಗಳನ್ನು ತಗ್ಗಿಸುವವರು ಯಾರು? ವರ್ಷಕ್ಕೊಂದು ಬೆಳಗ್ಗೆ ಸ್ಪರ್ಧೆಗಾಗಿ ರಸ್ತೆಯನ್ನು ಗುಡಿಸಿ ಬಿಟ್ಟುಕೊಡುವುದು ಸುಲಭ. ಉಳಿದ ದಿನಗಳಲ್ಲಿ ಗಾಲಿಕುರ್ಚಿಯ ಹುಡುಗನೊಬ್ಬ ಮನೆಯಿಂದ ಶಾಲೆಗೆ, ಶಾಲೆಯಿಂದ ಮೈದಾನಕ್ಕೆ ಹೋಗಬೇಕಲ್ಲ? ಅಭ್ಯಾಸವಾಗುವುದು ಅಲ್ಲಿಯೇ. ಕಾಲುದಾರಿಯ ಅಂಚು ಒಂದು ಗೇಣು ಎತ್ತರವಾಗಿದ್ದರೆ ಅವನ ಮ್ಯಾರಥಾನ್ ಅಲ್ಲಿಗೇ ಮುಗಿಯಿತು.

ಮುಂದೆ ನಿಮ್ಮ ಬೀದಿಯಲ್ಲಿ ಓಟವೊಂದು ಸಾಗಿದಾಗ, ಗೆಲ್ಲುವವರು ದಾಟಿದರೆಂದು ಬಾಗಿಲು ಹಾಕಿಕೊಂಡು ಒಳಗೆ ಹೋಗಬೇಡಿ. ಇನ್ನು ಹದಿನೆಂಟು ನಿಮಿಷ ನಿಲ್ಲಿ. ಬೇಕಾದರೆ ಇನ್ನೊಂದು ಗಂಟೆ ನಿಲ್ಲಿ. ಹಿಂದೆ ಬರುವವರಿಗೂ ಒಂದು ಚಪ್ಪಾಳೆ, ಒಂದು ಲೋಟ ನೀರು ಸಲ್ಲಲಿ. ಅವರಲ್ಲಿ ಹತ್ತೊಂಬತ್ತನೆಯವರು ಯಾರೋ, ಯಾವ ಊರಿನವರೋ ನೋಡಿಟ್ಟುಕೊಳ್ಳಿ.