ಬಂಧುಜನರನ್ನು ಬೀಳ್ಕೊಳ್ಳುವ ಮಾತು

ಶ್ರವಣಬೆಳ್ಗೊಳದ ಚಿಕ್ಕಬೆಟ್ಟವನ್ನು ಹತ್ತುವ ಯಾತ್ರಿಕನು ಬಸದಿಗಳ ಶಿಲ್ಪವನ್ನು ನೋಡಿ, ಎದುರಿನ ದೊಡ್ಡಬೆಟ್ಟದ ಗೊಮ್ಮಟನಿಗೆ ಕೈಮುಗಿದು, ಸಾಮಾನ್ಯವಾಗಿ ತೃಪ್ತನಾಗಿ ಇಳಿದುಬರುವನು. ಅಲ್ಲಿಯ ಹಾಸುಬಂಡೆಯಲ್ಲಿ ಸುಮಾರು ಸಾವಿರದ ನಾನೂರು ವರ್ಷಗಳಷ್ಟು ಹಳೆಯ ಅಕ್ಷರಗಳಿರುವುದು ಅವನ ಗಮನಕ್ಕೆ ಬರುವುದು ಅಪೂರ್ವ. ಬಿ. ಎಲ್. ರೈಸ್ ಸಾಹೇಬರು 1889ರಲ್ಲಿ ಈ ಕ್ಷೇತ್ರದ 144 ಶಾಸನಗಳನ್ನು ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರು 1923ರ ಪರಿಷ್ಕೃತ ಆವೃತ್ತಿಯಲ್ಲಿ ಆ ಸಂಖ್ಯೆಯನ್ನು 500ಕ್ಕೆ ಏರಿಸಿದರು. ಇವುಗಳಲ್ಲಿ ಅತ್ಯಂತ ಪ್ರಾಚೀನವಾದವು ಬಹುಮಟ್ಟಿಗೆ ದಾನಶಾಸನಗಳೂ ಅಲ್ಲ, ವಿಜಯಶಾಸನಗಳೂ ಅಲ್ಲ. ಇಂಥವರು ಈ ಬೆಟ್ಟದ ಮೇಲೆ ವ್ರತವನ್ನು ಕೈಕೊಂಡು ದೇಹವನ್ನು ತ್ಯಜಿಸಿದರು ಎಂದು ಹೇಳುವ ಮರಣಲೇಖಗಳು.

ಈ ಲೇಖಗಳಿಂದ ಪಂಡಿತರು ರಾಜವಂಶಗಳ ಕಾಲವನ್ನೂ, ಗುರುಪರಂಪರೆಯನ್ನೂ, ನಮ್ಮ ನುಡಿಯ ಪೂರ್ವರೂಪವನ್ನೂ ನಿರ್ಣಯಿಸಿರುವರು. ಆ ಕಾರ್ಯವನ್ನು ನಾನು ಇಲ್ಲಿ ಪುನಃ ಮಾಡಹೊರಟಿಲ್ಲ. ನನ್ನ ಪ್ರಶ್ನೆ ಚಿಕ್ಕದು: ಹೊರಡುವವರು ಉಳಿಯುವವರೊಡನೆ ಏನು ಮಾತನಾಡಿದರು?

ಸಲ್ಲೇಖನದ ವಿಧಿಯನ್ನು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಸಂಕ್ಷೇಪವಾಗಿ ಹೇಳುತ್ತದೆ. ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ—ಇವು ಪ್ರತೀಕಾರವಿಲ್ಲದ ಸ್ಥಿತಿಗೆ ಬಂದಾಗ ಮಾತ್ರ, ಧರ್ಮಾರ್ಥವಾಗಿ, ಈ ವ್ರತಕ್ಕೆ ಅವಕಾಶವುಂಟು. ವ್ರತದ ಆರಂಭವಾದರೋ ಉಪವಾಸದಿಂದ ಅಲ್ಲ. ಮೊದಲು ಸ್ನೇಹವನ್ನೂ ವೈರವನ್ನೂ ಪರಿಗ್ರಹವನ್ನೂ ಬಿಟ್ಟು, ತನ್ನ ಬಂಧುಗಳನ್ನೂ ಪರಿಜನರನ್ನೂ ತಾನು ಕ್ಷಮಿಸಿ, ಅವರಿಂದ ತಾನೂ ಕ್ಷಮೆಯನ್ನು ಪ್ರಿಯವಾದ ಮಾತುಗಳಿಂದ ಬೇಡಬೇಕು. ಆಹಾರವನ್ನು ಕ್ರಮವಾಗಿ ಕಡಮೆ ಮಾಡುವುದು ಇದೆಲ್ಲ ಆದ ಬಳಿಕ. ಮಾತು ಮೊದಲು, ಮೌನ ಆಮೇಲೆ. ಈ ಅನುಕ್ರಮವನ್ನು ವಾಚಕರು ಮನಸ್ಸಿನಲ್ಲಿಡಬೇಕೆಂದು ಪ್ರಾರ್ಥಿಸುತ್ತೇನೆ.

ವಿಧಿಯು ಪುಸ್ತಕದಲ್ಲಿಯೇ ಉಳಿಯಲಿಲ್ಲವೆಂಬುದಕ್ಕೆ ಒಂದು ನಿದರ್ಶನ ಸಾಕು. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲದೇವಿಯು 1131ರಲ್ಲಿ ಶಿವಗಂಗೆಯಲ್ಲಿ ಕಾಲವಾದಳು. ಅವಳ ತಂದೆ ಮಾರಸಿಂಗಯ್ಯನು ಶೈವ. ತಾಯಿ ಮಾಚಿಕಬ್ಬೆಯು ಜಿನಭಕ್ತೆ. ಮಗಳ ಮರಣಾನಂತರ ಮಾಚಿಕಬ್ಬೆಯು ಬೆಳ್ಗೊಳಕ್ಕೆ ಬಂದು, ಗುರುಗಳ ಸನ್ನಿಧಿಯಲ್ಲಿ ಸನ್ಯಸನವನ್ನು ಸ್ವೀಕರಿಸಿ, ಒಂದು ತಿಂಗಳು ಉಪವಾಸವಿದ್ದು ಮುಡಿಪಿದಳೆಂದು ಶಾಸನದಿಂದ ತಿಳಿಯಬರುತ್ತದೆ. ಅವಳ ಅರೆಮುಚ್ಚಿದ ಕಣ್ಣುಗಳು, ಪಂಚಪದಗಳ ಜಪ, ಜಿನಧ್ಯಾನ—ಇವನ್ನು ಕವಿಯು ಹೊಗಳುವುದು ಸಹಜವೇ ಸರಿ. ಆದರೆ ಇವುಗಳ ಸಾಲಿನಲ್ಲಿಯೇ, ಇವುಗಳಿಗೆ ಸಮನಾಗಿ, ಅವಳು ಬಂಧುಜನರನ್ನು ಬೀಳ್ಕೊಂಡ ಘನತೆಯನ್ನೂ ಅವನು ಎಣಿಸಿರುವನು. ನೆಂಟರೊಡನೆ ಕೊನೆಯ ಮಾತನ್ನು ಸರಿಯಾಗಿ ಆಡುವುದು ಕಲ್ಲಿನ ಮೇಲೆ ಕೊರೆಯತಕ್ಕ ಗುಣವೆಂದು ನಮ್ಮ ಪೂರ್ವಿಕರು ಭಾವಿಸಿದ್ದರು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಸಲ್ಲೇಖನವು ಒಂದು ಮತದ ವ್ರತ. ರೋಗಿಯು ವ್ಯರ್ಥವಾದ ಚಿಕಿತ್ಸೆಯನ್ನು ಬೇಡವೆನ್ನುವುದು ಬೇರೆ ವಿಷಯ. ಒಂದನ್ನು ಮತ್ತೊಂದಕ್ಕೆ ಪ್ರಮಾಣವಾಗಿ ತೋರಿಸುವುದು ನನ್ನ ಉದ್ದೇಶವಲ್ಲ. ಆ ಕಲ್ಲುಗಳಿಂದ ನಾನು ಎತ್ತಿಕೊಳ್ಳುವುದು ಮೇಲೆ ಹೇಳಿದ ಅನುಕ್ರಮವೊಂದನ್ನೇ. ಏಕೆಂದರೆ ನಮ್ಮ ಕಾಲದಲ್ಲಿ ಆ ಅನುಕ್ರಮವು ತಲೆಕೆಳಗಾಗಿದೆ. ಈಗ ಮೌನವೇ ಮೊದಲು ಬರುತ್ತದೆ. ರೋಗಿಯ ಗಂಟಲಿಗೆ ನಳಿಗೆಯನ್ನು ಇಳಿಸಿ, ಯಂತ್ರವು ಅವನಿಗಾಗಿ ಉಸಿರಾಡತೊಡಗಿದ ಮೇಲೆ, ಹೊರಗೆ ಬೆಂಚಿನ ಮೇಲೆ ಕುಳಿತ ಬಂಧುಗಳು ಮಾತಿಗೆ ಆರಂಭಿಸುವರು.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಬಳಗದ ಹಿರಿಯರೊಬ್ಬರು ಬಲು ವ್ಯವಹಾರಸ್ಥರು. ಯಾವ ಗದ್ದೆ ಯಾರಿಗೆ, ಬಾವಿಯ ಸಾಲ ಎಷ್ಟು ಉಳಿದಿದೆ ಎಂಬುದನ್ನೆಲ್ಲ ತಮ್ಮ ಕೈಯಾರೆ ಬರೆದಿಟ್ಟಿದ್ದರು. ಅವರು ಪ್ರಜ್ಞೆ ತಪ್ಪಿ ಹನ್ನೊಂದು ದಿನ ಮಲಗಿದ್ದಾಗ ವೈದ್ಯರು ಮಕ್ಕಳನ್ನು ಕರೆದು, “ನಿಮ್ಮ ತಂದೆಯವರ ಇಷ್ಟವೇನಿತ್ತು?” ಎಂದು ಕೇಳಿದರು. ಮೂವರು ಮಕ್ಕಳಿಂದ ಮೂರು ಉತ್ತರ ಬಂದಿತು, ಮೂರೂ ಊಹೆಯೇ. ತಂದೆ ತೀರಿಕೊಂಡರು, ಅಂದು ಹುಟ್ಟಿದ ವೈಮನಸ್ಯವು ಆ ಸೋದರರಲ್ಲಿ ಇಂದಿಗೂ ತೀರಿಲ್ಲ. ಗದ್ದೆಗಾಗಿ ಆಗದ ಜಗಳವು ಉಸಿರಿಗಾಗಿ ಆಯಿತು.

ದೇಶದ ನ್ಯಾಯಶಾಸ್ತ್ರವು ಈ ಪ್ರಶ್ನೆಯನ್ನು ಎದುರಿಸಬೇಕಾಗಿ ಬಂದುದು ನಮ್ಮ ಕರಾವಳಿಯ ಮಗಳೊಬ್ಬಳ ದೆಸೆಯಿಂದ. ಉತ್ತರ ಕನ್ನಡ ಜಿಲ್ಲೆಯ ಹಳದೀಪುರದ ಅರುಣಾ ಶಾನಭಾಗರು ಮುಂಬಯಿಯ ಕೆ. ಇ. ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ಅಲ್ಲಿಯ ನೌಕರನೊಬ್ಬನು ನಡೆಸಿದ ಕ್ರೂರ ಹಲ್ಲೆಯಿಂದ ಅವರ ಮೆದುಳಿಗೆ ಸರಿಪಡಿಸಲಾಗದ ಹಾನಿಯಾಯಿತು. ಆಗ ಅವರಿಗೆ 25 ವರ್ಷ. ಆ ವಯಸ್ಸಿನವರನ್ನು ಅಂತ್ಯಕಾಲದ ಇಚ್ಛೆಯೇನೆಂದು ಯಾರು ತಾನೇ ಕೇಳಿಯಾರು? ಲೇಖಕಿ ಪಿಂಕಿ ವಿರಾನಿಯವರು ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವನ್ನು ಬೇಡಿದರು. ದಶಕಗಳ ಕಾಲ ಉಣಿಸಿ ತೊಳೆದು ಕಾಪಾಡಿದ ಆಸ್ಪತ್ರೆಯ ದಾದಿಯರು ಕೂಡದೆಂದರು. ಎರಡು ಪಕ್ಷಗಳಲ್ಲಿಯೂ ಕರುಣೆಯಿದ್ದಿತು. ಯಾರ ವಿಷಯವಾಗಿ ವಾದವೋ ಅವರ ಮಾತೊಂದೇ ಇರಲಿಲ್ಲ. 2011ರ ಮಾರ್ಚ್ 7ರಂದು ನ್ಯಾಯಾಲಯವು, ಪೋಷಿಸಿದ ಆಸ್ಪತ್ರೆಯವರೇ ಆಕೆಯ ನಿಜವಾದ ಆಪ್ತರೆಂದು ಹೇಳಿ ಅರ್ಜಿಯನ್ನು ತಳ್ಳಿಹಾಕಿತು. ಆದರೆ ಉಚ್ಚ ನ್ಯಾಯಾಲಯದ ಅನುಮತಿಯಿಂದ ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯುವ ಮಾರ್ಗವನ್ನು ತೆರೆಯಿತು. ಅರುಣಾ ಅವರು 2015ರ ಮೇ 18ರಂದು ನಿಧನ ಹೊಂದಿದರು. ಅವರು ಮಾತಿಲ್ಲದೆ ಬದುಕಿದ್ದುದು 41 ವರ್ಷಗಳಿಗೂ ಮಿಕ್ಕು.

ಬಳಿಕ 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠವು ಘನತೆಯಿಂದ ಸಾಯುವುದೂ ಸಂವಿಧಾನದ 21ನೆಯ ವಿಧಿಯಲ್ಲಿ ಅಡಗಿದೆಯೆಂದು ಸಾರಿ, ಸ್ವಸ್ಥಚಿತ್ತನಾದ ಪ್ರಾಪ್ತವಯಸ್ಕನು ಮುಂಚಿತವಾಗಿ ಬರೆದಿಡುವ ನಿರ್ದೇಶಪತ್ರಕ್ಕೆ ಮಾನ್ಯತೆಯನ್ನಿತ್ತಿತು. ಆಗ ವಿಧಿಸಿದ ಕ್ರಮವು ತೀರ ತೊಡಕಿನದಾಗಿದ್ದುದರಿಂದ 2023ರ ಜನವರಿ 24ರಂದು ಅದನ್ನು ಸರಳಗೊಳಿಸಲಾಯಿತು. ಅದರಂತೆ ಇಬ್ಬರು ಸಾಕ್ಷಿಗಳೆದುರು ಸಹಿಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ದೃಢೀಕರಿಸಿದರೆ ಸಾಕು. ಬರೆದವನು ಅದನ್ನು ಯಾವಾಗ ಬೇಕಾದರೂ ಬದಲಿಸಬಹುದು, ರದ್ದುಗೊಳಿಸಬಹುದು. ಗುಣವಾಗುವ ಆಸೆಯಿಲ್ಲದ ಸ್ಥಿತಿಯಲ್ಲಿ ಮಾತ್ರ, ಎರಡು ವೈದ್ಯಮಂಡಲಿಗಳು ಪರಿಶೀಲಿಸಿ ಒಪ್ಪಿದ ಬಳಿಕವೇ, ಅದು ಕಾರ್ಯಕ್ಕೆ ಬರುವುದು. ಕರ್ನಾಟಕ ಸರಕಾರವೂ 2025ರ ಜನವರಿ 30ರಂದು ಈ ತೀರ್ಪನ್ನು ಆಚರಣೆಗೆ ತರುವ ಆದೇಶವನ್ನು ಹೊರಡಿಸಿತು.

ಆದರೆ ಆ ಪತ್ರದಲ್ಲಿ ಒಂದು ಅಂಶವು ವಿಚಾರಾರ್ಹವಾದುದು. ತನಗೆ ಪ್ರಜ್ಞೆಯಿಲ್ಲದಾಗ ತನ್ನ ಪರವಾಗಿ ಒಪ್ಪಿಗೆ ಕೊಡತಕ್ಕ ಆಪ್ತರು ಯಾರೆಂಬುದನ್ನು ಬರೆಯುವವನು ಅದರಲ್ಲಿ ಹೆಸರಿಸಬೇಕು. ಹಾಗೆ ಹೆಸರಿಸಲ್ಪಟ್ಟ ಮಗನಿಗೋ ಮಗಳಿಗೋ ಸಂಗತಿಯೇ ತಿಳಿಯದಿದ್ದರೆ ಪೆಟ್ಟಿಗೆಯಲ್ಲಿನ ಪತ್ರವು ಆಸ್ಪತ್ರೆಯವರೆಗೆ ಬರುವುದೆಂತು? ಬಂದರೂ, “ಇದು ಅಪ್ಪನ ನಿಜವಾದ ಮನಸ್ಸೇ?” ಎಂಬ ಶಂಕೆಯನ್ನು ಮುದ್ರೆಯ ಕಾಗದವು ನಿವಾರಿಸಬಲ್ಲುದೇ? ನ್ಯಾಯಾಲಯವು ಕೈಗೆ ಕಾಗದವನ್ನು ಕೊಡಬಲ್ಲುದು. ಬಾಯಿಗೆ ಮಾತನ್ನು ಕೊಡಲಾರದು.

ಮನೆಯಲ್ಲಿ ಈ ಪ್ರಸ್ತಾಪವನ್ನು ಎತ್ತಿದೊಡನೆ, “ಬಿಡ್ತು ಅನ್ನಿ, ಇದೆಂಥ ಮಾತು!” ಎಂದು ಬಾಯಿ ಮುಚ್ಚಿಸುವ ವಾಡಿಕೆಯನ್ನು ನಾನು ಬಲ್ಲೆ. ಅದು ಪ್ರೀತಿಯಿಂದ ಹುಟ್ಟಿದ ಭಯ, ಹಾಸ್ಯಕ್ಕೆ ತಕ್ಕುದಲ್ಲ. ಆದರೂ ಹಿರಿಯರು ಆರೋಗ್ಯವಾಗಿರುವಾಗಲೇ, ಊಟವಾದ ಮೇಲೆ ಜಗಲಿಯಲ್ಲಿ ಕುಳಿತು, ಎರಡು ಮೂರು ಮಾತುಗಳನ್ನು ಕೇಳಿಟ್ಟುಕೊಳ್ಳುವುದು ಅಸಾಧ್ಯವಲ್ಲ. ಕೊನೆಯ ದಿನಗಳನ್ನು ಮನೆಯಲ್ಲಿ ಕಳೆಯಬಯಸುವಿರೋ, ಆಸ್ಪತ್ರೆಯಲ್ಲಿಯೋ? ಗುಣವಾಗುವ ಆಸೆಯಿಲ್ಲದಾಗ ಯಂತ್ರದ ಉಸಿರು ಬೇಕೋ, ನೋವಿನ ಶಮನವೊಂದೇ ಸಾಕೋ? ನೀವು ಹೇಳಲಾರದಾಗ ನಿಮ್ಮ ಮಾತನ್ನು ಯಾರು ಹೇಳಬೇಕು? ಉತ್ತರವು ಏನೇ ಆಗಲಿ, ಕಡೆಯವರೆಗೂ ಎಲ್ಲ ಚಿಕಿತ್ಸೆಯೂ ಬೇಕೆಂದೇ ಆಗಲಿ, ಅದು ಅವರದಾಗಿರುವುದು. ಮಕ್ಕಳು ಊಹೆಯ ಹೊರೆಯಿಂದ ಪಾರಾಗುವರು.

ಮಾಚಿಕಬ್ಬೆಯ ವ್ರತವು ನಮ್ಮಲ್ಲಿ ಬಹುಮಂದಿಗೆ ವಿಹಿತವೂ ಅಲ್ಲ, ಶಕ್ಯವೂ ಅಲ್ಲ. ಆದರೆ ನಾಲಗೆ ಸ್ವಾಧೀನದಲ್ಲಿರುವಾಗಲೇ ಬಂಧುಜನರೊಡನೆ ಮಾತನ್ನು ಮುಗಿಸಿಕೊಳ್ಳುವ ಆ ಘನತೆಗೆ ಮತವೂ ಅಡ್ಡಬಾರದು, ಕಾಲವೂ ಅಡ್ಡಬಾರದು. ಚಿಕ್ಕಬೆಟ್ಟವನ್ನು ಮುಂದೆಂದಾದರೂ ಹತ್ತುವ ವಾಚಕರು, ಇಳಿಯುವ ಮುನ್ನ ಆ ಅಕ್ಷರಗಳ ಬಳಿ ಕ್ಷಣಕಾಲ ನಿಂತು, ತಮ್ಮ ಮನೆಯಲ್ಲಿ ಇನ್ನೂ ಆಡದೆ ಉಳಿದಿರುವ ಮಾತು ಯಾವುದೆಂದು ನೆನೆದರೆ ಈ ಲೇಖನದ ಶ್ರಮವು ಸಾರ್ಥಕವಾಗುವುದು.