ಮರೆವಿಗೆ ಲೆಕ್ಕವಿಟ್ಟವರು

ವೈದ್ಯಕೀಯ ವಿದ್ಯಾರ್ಥಿ ಬೆಳಗ್ಗೆ ಎದ್ದೊಡನೆ ಮೊಬೈಲ್ ಹಿಡಿದು ಕೂತರೆ ಕಾಲಹರಣವೆಂದೇ ಹಿರಿಯರು ಭಾವಿಸುವುದು ಸಹಜ. ಆದರೆ ಆತ ನೋಡುತ್ತಿರುವುದು 'ಅಂಕಿ' ಎಂಬ ಆ್ಯಪ್ ಇರಬಹುದು. ಪರದೆಯ ಮೇಲೆ ಒಂದು ಪ್ರಶ್ನೆ ಬರುತ್ತದೆ. ಉತ್ತರವನ್ನು ಮನಸ್ಸಿನಲ್ಲೇ ನೆನೆದು, ಚೀಟಿ ತಿರುವಿ ನೋಡಿ, ನೆನಪಾಯಿತೇ ಇಲ್ಲವೇ ಎಂದು ಗುಂಡಿ ಒತ್ತಬೇಕು. ಆ ಪ್ರಶ್ನೆ ಮತ್ತೆ ಯಾವ ದಿನ ಎದುರಾಗಬೇಕೆಂಬುದನ್ನು ಆ್ಯಪ್ ನಿರ್ಧರಿಸುತ್ತದೆ. ಕನ್ನಡದ ಅಂಕಿಗೂ ಈ ಹೆಸರಿಗೂ ಸಂಬಂಧವಿಲ್ಲ. ಜಪಾನಿ ಭಾಷೆಯಲ್ಲಿ ಅದರ ಅರ್ಥ ಬಾಯಿಪಾಠ. ಸೋಜಿಗವೆಂದರೆ, ಈ ಆ್ಯಪ್‌ನ ಒಳಗಿರುವುದೆಲ್ಲ ಅಂಕಿಗಳ ಆಟವೇ.

ಆ ಆಟ ಶುರುವಾದದ್ದು ಜರ್ಮನಿಯಲ್ಲಿ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು, ಫಲಿತಾಂಶವನ್ನು 1885ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಅರ್ಥವಿರುವ ಪದಗಳನ್ನು ಕಲಿತರೆ ಹಳೆಯ ನೆನಪುಗಳು ಸಹಾಯಕ್ಕೆ ಬಂದು ಲೆಕ್ಕ ಕೆಡುತ್ತದೆಂದು ಅರ್ಥವೇ ಇಲ್ಲದ ಸುಮಾರು 2300 ಉಚ್ಚಾರಾಂಶಗಳನ್ನು ಹೊಸೆದುಕೊಂಡ. ಅವುಗಳ ಪಟ್ಟಿಗಳನ್ನು ಗಡಿಯಾರದ ಸದ್ದಿಗೆ ಸರಿಯಾಗಿ ಓದುತ್ತ ಉರು ಹೊಡೆದ. ಸ್ವಲ್ಪ ಕಾಲ ಬಿಟ್ಟು ಅದೇ ಪಟ್ಟಿಯನ್ನು ಮತ್ತೆ ಕಲಿಯುವಾಗ ಎಷ್ಟು ಶ್ರಮ ಉಳಿಯಿತೆಂದು ಅಳೆದ. ಇಪ್ಪತ್ತು ನಿಮಿಷದ ಬಳಿಕ ಉಳಿತಾಯ ಶೇ 58. ಒಂದು ದಿನದ ಬಳಿಕ ಶೇ 34. ಒಂದು ತಿಂಗಳ ಬಳಿಕವೂ ಶೇ 21ರಷ್ಟು ಉಳಿದೇ ಇತ್ತು. ಮರೆವು ಮೊದಲ ದಿನ ದರೋಡೆಕೋರನಂತೆ ನುಗ್ಗುತ್ತದೆ, ಆಮೇಲೆ ಚಿಲ್ಲರೆ ಕಳ್ಳನಂತೆ ನಿಧಾನವಾಗಿ ಕದಿಯುತ್ತದೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತು ಅದೇ ಪುಸ್ತಕದಲ್ಲಿತ್ತು. ಹನ್ನೆರಡು ಉಚ್ಚಾರಾಂಶಗಳ ಒಂದು ಪಟ್ಟಿಯನ್ನು ಒಂದೇ ದಿನ 68 ಬಾರಿ ಓದಿದ್ದರ ಫಲ, ಮೂರು ದಿನಗಳಿಗೆ ಹಂಚಿ ಕೇವಲ 38 ಬಾರಿ ಓದಿದಾಗಲೂ ಸಿಕ್ಕಿತು. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವ ಸಂಪ್ರದಾಯಕ್ಕೆ ಇದಕ್ಕಿಂತ ದೊಡ್ಡ ಆಕ್ಷೇಪಣೆ ಬೇಕಿರಲಿಲ್ಲ. ಆ ಸಂಪ್ರದಾಯ ಮಾತ್ರ ಇಂದಿಗೂ ಅಳಿದಿಲ್ಲ.

ಬಾಯಿಪಾಠ ನಮ್ಮವರಿಗೆ ಹೊಸದೇನಲ್ಲ. ಪದಗಳನ್ನು ಹಿಂದೆ ಮುಂದೆ ಹೆಣೆದು ಹೇಳುವ ಜಟಾಪಾಠ, ಘನಪಾಠಗಳು ವೇದದ ಒಂದಕ್ಷರವೂ ಸರಿಯದಂತೆ ಕಾದವು. ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳು ಮಗ್ಗಿ ಒಪ್ಪಿಸುತ್ತಿದ್ದುದೂ ಇದೇ ಶಿಸ್ತು. ಆದರೆ ಹದಿನಾಲ್ಕರ ಮಗ್ಗಿ ಚೆನ್ನಾಗಿ ಬರುವವನೂ ಹದಿನೇಳರಲ್ಲಿ ತಡವರಿಸುವವನೂ ಒಂದೇ ಸಾಲನ್ನು ಒಂದೇ ಸಲ ಕೂಗಬೇಕಿತ್ತು. ಯಾರು ಯಾವುದನ್ನು ಯಾವಾಗ ಮರೆಯುತ್ತಾರೆಂಬ ಖಾತೆ ಇಡುವುದು ಬೇರೆಯೇ ಕೆಲಸ.

ಆ ಖಾತೆಗೆ ರಟ್ಟಿನ ಪೆಟ್ಟಿಗೆಯೊಂದನ್ನು ಸೂಚಿಸಿದವನು ಸೆಬಾಸ್ಟಿಯನ್ ಲೈಟ್ನರ್ ಎಂಬ ಪತ್ರಕರ್ತ. 1972ರಲ್ಲಿ ಬಂದ ಆತನ ಜರ್ಮನ್ ಪುಸ್ತಕದ ಪ್ರಕಾರ, ಪೆಟ್ಟಿಗೆಯಲ್ಲಿ ಹಲವು ಖಾನೆಗಳಿರುತ್ತವೆ. ಉತ್ತರ ಸರಿಯಾದರೆ ಚೀಟಿ ಮುಂದಿನ ಖಾನೆಗೆ, ತಪ್ಪಿದರೆ ಮತ್ತೆ ಮೊದಲನೆಯದಕ್ಕೆ. ಹಿಂದಿನ ಖಾನೆಗಳ ಚೀಟಿಗಳನ್ನು ಅಪರೂಪಕ್ಕೆ ನೋಡಿದರೂ ಸಾಕು.

ಪೆಟ್ಟಿಗೆಯನ್ನು ಗಣಿತವಾಗಿಸಿದವನು ಪೋಲೆಂಡಿನ ಪೊಜ್ನಾನ್ ನಗರದ ಪಿಯೋತ್ರ್ ವೋಜ್ನಿಯಾಕ್, ಆಗಿನ್ನೂ ವಿದ್ಯಾರ್ಥಿ. ಇಂಗ್ಲಿಷ್ ಪದಗಳು, ಜೀವಶಾಸ್ತ್ರದ ವಿವರಗಳು ಓದಿದಷ್ಟೂ ಮರೆತುಹೋಗುತ್ತಿದ್ದುದೇ ಆತನ ಸಂಕಟ. 1985ರಲ್ಲಿ ಕಾಗದದ ಮೇಲೆಯೇ ಪ್ರಯೋಗ ನಡೆಸಿ 1, 7, 16, 35 ದಿನಗಳ ಅಂತರ ಕೊಟ್ಟು ಓದುವುದು ತನಗೆ ಹೊಂದುತ್ತದೆಂದು ಕಂಡುಕೊಂಡ. 1987ರ ಡಿಸೆಂಬರಿನಲ್ಲಿ 'ಸೂಪರ್‌ಮೆಮೊ' ಎಂಬ ಕಂಪ್ಯೂಟರ್ ಪ್ರೋಗ್ರಾಂ ಸಿದ್ಧವಾಯಿತು. ಅದರ ಸೂತ್ರ ಸರಳ. ಮೊದಲ ಪುನರಾವರ್ತನೆ ಒಂದು ದಿನಕ್ಕೆ, ಎರಡನೆಯದು ಆರು ದಿನಕ್ಕೆ. ಆಮೇಲಿನ ಅಂತರವನ್ನು ಪ್ರತಿ ಸಲವೂ ಎರಡೂವರೆಯಿಂದ ಗುಣಿಸುತ್ತ ಹೋದರೆ ಸುಮಾರು 15, 38, 95 ದಿನಗಳಾಗುತ್ತವೆ. ಕಷ್ಟದ ಪ್ರಶ್ನೆಯಾದರೆ ಆ ಎರಡೂವರೆ ಇಳಿಯುತ್ತದೆ, 1.3ಕ್ಕಿಂತ ಕೆಳಗೆ ಹೋಗುವುದಿಲ್ಲ. ಹೀಗೆ ಪ್ರತಿ ಚೀಟಿಗೂ ಅದರದ್ದೇ ಜಾತಕ.

ಈ ಜಾತಕವನ್ನೇ ಆಧಾರವಾಗಿಟ್ಟುಕೊಂಡು, ಜಪಾನಿ ಕಲಿಯುತ್ತಿದ್ದ ಆಸ್ಟ್ರೇಲಿಯಾದ ಡೇಮಿಯನ್ ಎಲ್ಮ್ಸ್ 2006ರಲ್ಲಿ 'ಅಂಕಿ'ಯನ್ನು ಬಿಡುಗಡೆ ಮಾಡಿದ. ಕಂಪ್ಯೂಟರಿನಲ್ಲಿ ಅದು ಉಚಿತ. ಆಂಡ್ರಾಯ್ಡ್ ಫೋನಿನ ಆವೃತ್ತಿಯನ್ನು ಸ್ವಯಂಸೇವಕರು ಬರೆದರು, ಅದಕ್ಕೂ ಹಣವಿಲ್ಲ. ಐಫೋನಿನದಕ್ಕೆ ಮಾತ್ರ ಬೆಲೆಯುಂಟು. ಆ್ಯಪ್ ಫೋನಿಗೆ ಬಂದದ್ದೇ ದೊಡ್ಡ ತಿರುವು. ಬಸ್ಸಿಗೆ ಕಾಯುವ ಐದು ನಿಮಿಷದಲ್ಲಿ ಇಪ್ಪತ್ತು ಚೀಟಿ ಮುಗಿಯುತ್ತವೆ.

ಅದನ್ನು ಎಲ್ಲರಿಗಿಂತ ಗಟ್ಟಿಯಾಗಿ ಹಿಡಿದುಕೊಂಡವರು ಅಮೆರಿಕದ ವೈದ್ಯಕೀಯ ವಿದ್ಯಾರ್ಥಿಗಳು. ಅಲ್ಲಿನ ಪರವಾನಗಿ ಪರೀಕ್ಷೆಯ ಮೊದಲ ಹಂತದ ಅಂಕವೇ ಮುಂದಿನ ತರಬೇತಿ ಯಾವ ವಿಭಾಗದಲ್ಲಿ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತಿತ್ತು. ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚುವರಿಯಾಗಿ ಓದಿದ ಪ್ರತಿ 1700 ಚೀಟಿಗಳಿಗೆ ಒಂದು ಅಂಕ ಹೆಚ್ಚಿದ್ದುದು ಕಂಡುಬಂತು. ಸಾವಿರದೇಳುನೂರಕ್ಕೆ ಒಂದು! ಶ್ರಮಪಡುವ ಸ್ವಭಾವದವನೇ ಹೆಚ್ಚು ಚೀಟಿ ತಿರುವುತ್ತಾನಾದ್ದರಿಂದ ಆ ಒಂದು ಅಂಕ ಆ್ಯಪ್‌ನದೋ ಸ್ವಭಾವದ್ದೋ ಎಂದು ಬೇರ್ಪಡಿಸುವುದೂ ಸುಲಭವಲ್ಲ. ಅಂಕದ ಈ ಓಟ ಅತಿಯಾಯಿತೆಂದು 2022ರ ಜನವರಿಯಿಂದ ಆ ಪರೀಕ್ಷೆಯಲ್ಲಿ ಅಂಕ ಕೊಡುವುದನ್ನೇ ಬಿಟ್ಟು ಪಾಸು, ಫೇಲು ಎಂದಷ್ಟೇ ಹೇಳತೊಡಗಿದರು. ಚೀಟಿಗಳು ಹೋಗಲಿಲ್ಲ. 2023ರಲ್ಲಿ ಪ್ರತಿಯೊಬ್ಬನ ಹಳೆಯ ಉತ್ತರಗಳಿಂದ ಅವನ ಮರೆವಿನ ವೇಗವನ್ನೇ ಅಂದಾಜು ಮಾಡುವ ಹೊಸ ಲೆಕ್ಕವೂ ಆ್ಯಪ್‌ಗೆ ಸೇರಿತು.

ತೊಡಕು ಬೇರೆಡೆ ಇದೆ. ಎಬ್ಬಿಂಗ್‌ಹೌಸ್ ಅರ್ಥವನ್ನು ಬೇಕೆಂದೇ ದೂರವಿಟ್ಟಿದ್ದ. ಹಾಗಾಗಿ ಈ ಸೂತ್ರಗಳಿಗೆ ಮೂತ್ರಪಿಂಡವೂ ಒಂದೇ, ಅರ್ಥಹೀನ ಉಚ್ಚಾರಾಂಶವೂ ಒಂದೇ. ಅರ್ಥವಾಗದ್ದನ್ನು ಕಲಿಯಹೊರಡಬೇಡಿ ಎಂಬುದೇ ಚೀಟಿ ಬರೆಯುವವರಿಗೆ ವೋಜ್ನಿಯಾಕ್ 1999ರಲ್ಲಿ ಕೊಟ್ಟ ಇಪ್ಪತ್ತು ಸೂಚನೆಗಳಲ್ಲಿ ಮೊದಲನೆಯದು. ಇಂದು ಬೇರೆಯವರು ಬರೆದಿಟ್ಟ ಸಾವಿರಾರು ಚೀಟಿಗಳ ಕಟ್ಟು ಅಂತರ್ಜಾಲದಲ್ಲಿ ಸಿದ್ಧವಾಗಿ ಸಿಗುತ್ತದೆ. ಪಾಠ ಕೇಳುವ ಮೊದಲೇ ಅದನ್ನು ಇಳಿಸಿಕೊಂಡು ತಿರುವತೊಡಗುವ ವಿದ್ಯಾರ್ಥಿಗಳಿದ್ದಾರೆ. ಹಬ್ಬಕ್ಕೆ ಊರಿಗೆ ಹೋಗಿ ಒಂದು ವಾರ ಆ್ಯಪ್ ತೆರೆಯದಿದ್ದರೆ, ಮರಳಿ ಬಂದಾಗ ಬಾಕಿಯಿರುವ ಚೀಟಿಗಳ ಸಂಖ್ಯೆ ಪರದೆಯ ಮೇಲೆ ಕಾದಿರುತ್ತದೆ.